ನೆಲದಡಿಯ ಬಂಡೆಯನ್ನು ಬಡಿದು ನೋಡುವುದು, ಅದಕ್ಕೆ ಕಿವಿಗೊಡುವುದು

ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ವಾರಾಹಿ ನದಿಯ ನೀರು ಘಟ್ಟದ ಒಡಲೊಳಗೇ ಇಳಿದು, ಹೊಸಂಗಡಿಯ ಬಳಿ ಬಂಡೆ ಕೊರೆದು ಮಾಡಿದ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. 1989ರಲ್ಲಿ ಉತ್ಪಾದನೆ ಆರಂಭಿಸಿದ, ಈಗ 460 ಮೆಗಾವಾಟ್ ಸಾಮರ್ಥ್ಯವಿರುವ ಈ ಕೇಂದ್ರವು ಕರ್ನಾಟಕದ ಮೊದಲ ಭೂಗರ್ಭ ವಿದ್ಯುದಾಗಾರ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಕೆಳಗಿಳಿಸಿ ವಿದ್ಯುತ್ ಪಡೆದು, ಮಿಕ್ಕ ವಿದ್ಯುತ್ತಿನಿಂದ ಮತ್ತೆ ಮೇಲೇರಿಸುವ) ಯೋಜನೆಯ ವಿದ್ಯುದಾಗಾರವೂ ಭೂಗರ್ಭದ್ದೇ. ಕಾಡು, ಸಿಂಗಳೀಕ, ನದಿ ಇವುಗಳ ದೃಷ್ಟಿಯಿಂದ ಅದು ಬೇಕೇ ಬೇಡವೇ ಎಂಬುದು ದೊಡ್ಡ ಚರ್ಚೆ. ಅದನ್ನು ಇಲ್ಲಿ ಎತ್ತಿಕೊಳ್ಳುತ್ತಿಲ್ಲ. ಪರ ಇರುವವರಿಗೂ ವಿರೋಧ ಇರುವವರಿಗೂ ಸಮಾನವಾಗಿ ಸಂಬಂಧಿಸಿದ, ಆದರೆ ಸಾರ್ವಜನಿಕವಾಗಿ ಹೆಚ್ಚು ಕೇಳಿಬರದ ಒಂದು ತಾಂತ್ರಿಕ ಪ್ರಶ್ನೆ ಮಾತ್ರ ಈ ಲೇಖನದ ವಿಷಯ: ಬೆಟ್ಟದೊಳಗೆ ಸುರಂಗವನ್ನೋ ಗುಹೆಯನ್ನೋ ಕೊರೆದಾಗ ಅದರ ಸುತ್ತಲಿನ ಬಂಡೆಗೆ ಎಷ್ಟು ಪೆಟ್ಟಾಗಿದೆ, ಆ ಪೆಟ್ಟು ಬೆಳೆಯುತ್ತಿದೆಯೇ ಎಂಬುದನ್ನು ಕಣ್ಣಿಗೆ ಕಾಣದ ಗೋಡೆಯ ಆಳದಲ್ಲಿ ತಿಳಿಯುವುದು ಹೇಗೆ?

ಮೊದಲು ಪೆಟ್ಟು ಏಕೆ ಆಗುತ್ತದೆ ಎಂಬುದನ್ನು ನೋಡಬೇಕು. ಬಂಡೆಯೊಳಗಿನ ಯಾವುದೇ ಜಾಗವನ್ನು ಅದರ ಮೇಲಿನ ಬಂಡೆ ಅದುಮುತ್ತಿರುತ್ತದೆ. ಪ್ರತಿ 100 ಮೀಟರ್ ಆಳಕ್ಕೆ ಈ ಒತ್ತಡ ಸುಮಾರು 2.7 ಮೆಗಾಪಾಸ್ಕಲ್‌ನಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 27 ಕಿಲೋಗ್ರಾಂ ಭಾರದಷ್ಟು ಏರುತ್ತದೆ. ಇದರ ಜೊತೆಗೆ ಭೂಪದರಗಳ ಚಲನೆಯಿಂದ ಬಂದ ಅಡ್ಡ ಒತ್ತಡವೂ ಇರುತ್ತದೆ, ಮತ್ತು ಎಷ್ಟೋ ಕಡೆ ಅದು ಮೇಲಿನ ಭಾರಕ್ಕಿಂತ ಹೆಚ್ಚಾಗಿರುತ್ತದೆ. ಸುರಂಗ ಕೊರೆದ ಕೂಡಲೇ ಅಲ್ಲಿದ್ದ ಬಂಡೆ ಹೊರುತ್ತಿದ್ದ ಹೊರೆಯನ್ನು ಅಕ್ಕಪಕ್ಕದ ಬಂಡೆ ಹೊರಬೇಕಾಗುತ್ತದೆ. ಹೊಳೆಯ ನಡುವೆ ನಿಂತ ಗುಂಡುಕಲ್ಲಿನ ಎರಡೂ ಬದಿಯಲ್ಲಿ ಸೆಳವು ಹೆಚ್ಚುವ ಹಾಗೆ, ಒತ್ತಡವು ಸುರಂಗವನ್ನು ಬಳಸಿಕೊಂಡು ಹೋಗುವಾಗ ಅದರ ಅಂಚಿನಲ್ಲಿ ದಟ್ಟೈಸುತ್ತದೆ. ವೃತ್ತಾಕಾರದ ಸುರಂಗವಾದರೆ ಅಂಚಿನಲ್ಲಿ ಉಂಟಾಗುವ ಗರಿಷ್ಠ ಒತ್ತಡದ ಲೆಕ್ಕ ಸರಳವಾಗಿದೆ: ದೊಡ್ಡ ಒತ್ತಡದ ಮೂರು ಪಟ್ಟಿನಿಂದ ಚಿಕ್ಕ ಒತ್ತಡವನ್ನು ಕಳೆಯಬೇಕು.

ಈ ಲೆಕ್ಕ ಎಷ್ಟು ನಿಜ, ಎಲ್ಲಿ ಸಾಲದು ಎಂಬುದನ್ನು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಭೂಗರ್ಭ ಪ್ರಯೋಗಾಲಯದಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಪ್ರಯೋಗವೊಂದು ತೋರಿಸಿತು. ಪರಮಾಣು ತ್ಯಾಜ್ಯವನ್ನು ಹೂಳಲು ಗ್ರಾನೈಟ್ ತಕ್ಕುದೇ ಎಂದು ಪರೀಕ್ಷಿಸಲು ಕಟ್ಟಿದ ಪ್ರಯೋಗಾಲಯವದು. ಅಲ್ಲಿ 420 ಮೀಟರ್ ಆಳದಲ್ಲಿ 3.5 ಮೀಟರ್ ವ್ಯಾಸದ, 46 ಮೀಟರ್ ಉದ್ದದ ಸುರಂಗವನ್ನು ಒಂದಿಷ್ಟೂ ಸಿಡಿಮದ್ದು ಬಳಸದೆ, ಸುತ್ತಲೂ ಸಾಲಾಗಿ ರಂಧ್ರ ಕೊರೆದು, ನಡುವಿನ ಕಲ್ಲನ್ನು ಯಂತ್ರದಿಂದ ಸೀಳಿ ತೆಗೆದು ಮಾಡಲಾಯಿತು. ಹೀಗಾಗಿ ಬಂಡೆಗೆ ಏನಾದರೂ ಆದರೆ ಅದು ಒತ್ತಡದಿಂದಲೇ ಆಗಿರಬೇಕು. ಅಲ್ಲಿನ ಅತಿ ಹೆಚ್ಚಿನ ಒತ್ತಡ ಸುಮಾರು 60 ಮೆಗಾಪಾಸ್ಕಲ್, ಅದೂ ಬಹುತೇಕ ಅಡ್ಡದಿಕ್ಕಿನದು. ಅತಿ ಕಡಿಮೆ ಒತ್ತಡ ಸುಮಾರು 11. ಮೇಲಿನ ಸೂತ್ರದಂತೆ ಚಾವಣಿ ಮತ್ತು ನೆಲದ ಅಂಚಿನಲ್ಲಿ ಸುಮಾರು 169 ಮೆಗಾಪಾಸ್ಕಲ್ ಬರುತ್ತದೆ. ಆ ಗ್ರಾನೈಟಿನ ತುಂಡನ್ನು ಪ್ರಯೋಗಶಾಲೆಯಲ್ಲಿ ಅದುಮಿದರೆ ಅದು 200 ಮೆಗಾಪಾಸ್ಕಲ್ ದಾಟಿದ ಮೇಲೆಯೇ ಒಡೆಯುತ್ತಿತ್ತು. ಲೆಕ್ಕದ ಪ್ರಕಾರ ಸುರಂಗಕ್ಕೆ ಏನೂ ಆಗಬಾರದಿತ್ತು. ಆದರೆ ಚಾವಣಿ ಮತ್ತು ನೆಲ ಎರಡೂ ಕಡೆ ಬಂಡೆ ತೆಳುವಾದ ಚಕ್ಕೆಚಕ್ಕೆಯಾಗಿ ಎದ್ದು, ಇಂಗ್ಲಿಷಿನ ವಿ ಅಕ್ಷರದ ಆಕಾರದ ಕಚ್ಚು ಬಿತ್ತು. ನೆಲದ ಮೇಲೆ ಬಿದ್ದಿದ್ದ ಪುಡಿಗಲ್ಲಿನ ಹೊರೆಯಷ್ಟೇ ಕೆಳಗಿನ ಕಚ್ಚು ಬೆಳೆಯದಂತೆ ತಡೆಹಿಡಿದಿತ್ತು. ಅದನ್ನು ಬಾಚಿ ತೆಗೆದ ಮೇಲೆ ಅಲ್ಲಿಯೂ ಒಡೆತ ಮುಂದುವರಿಯಿತು.

ಕಾರಣವಿಷ್ಟು: ಬಂಡೆಯು ಒಡೆಯುವ ದಿನ ಒಮ್ಮೆಲೇ ಒಡೆಯುವುದಿಲ್ಲ. ಅದರ ಅಂತಿಮ ಬಲದ ಮೂರನೇ ಒಂದರಿಂದ ಅರ್ಧದಷ್ಟು ಒತ್ತಡ ಬಂದಾಗಲೇ ಹರಳುಗಳ ನಡುವೆ ಕೂದಲೆಳೆಯಂಥ ಬಿರುಕುಗಳು ಹುಟ್ಟತೊಡಗುತ್ತವೆ. ಸುರಂಗದ ಮುಖ ಮುಂದುವರಿದಂತೆ ಒತ್ತಡದ ದಿಕ್ಕು ತಿರುಗುತ್ತಾ ಹೋಗಿ, ಒಂದೇ ಜಾಗದ ಬಂಡೆಯನ್ನು ಹಲವು ಬಗೆಯಲ್ಲಿ ಹಿಂಡುತ್ತದೆ. ಹೀಗೆ ಕೂಡಿಬಂದ ಸಣ್ಣ ಬಿರುಕುಗಳೇ ಕೊನೆಗೆ ಚಕ್ಕೆಯಾಗುತ್ತವೆ. ಆದ್ದರಿಂದ ಬಂಡೆ ಬಿತ್ತೇ ಇಲ್ಲವೇ ಎಂದು ನೋಡುವುದಕ್ಕಿಂತ, ಬೀಳುವುದಕ್ಕೆ ಬಹಳ ಮೊದಲು ಹುಟ್ಟುವ ಆ ಕೂದಲೆಳೆಗಳನ್ನು ಪತ್ತೆಹಚ್ಚುವುದು ಮುಖ್ಯ. ಅದಕ್ಕೆ ಇರುವ ದಾರಿ ಧ್ವನಿಯದು.

ಧ್ವನಿಯನ್ನು ಎರಡು ಬಗೆಯಲ್ಲಿ ಬಳಸಬಹುದು, ಎರಡೂ ಮಲೆನಾಡಿನ ಮನೆಗಳಿಗೆ ಹೊಸತಲ್ಲ. ಹಲಸಿನಕಾಯಿ ಬಲಿತಿದೆಯೇ ಎಂದು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವೆ; ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ತಟ್ಟಿ, ಠಣ್ಣೆನ್ನುವ ನಾದ ಬರುತ್ತದೆಯೇ, ಬಿರುಕಿನ ಒಡಕು ದನಿ ಬರುತ್ತದೆಯೇ ಎಂದು ಕೇಳುತ್ತಾರೆ. ಇದು ನಾವೇ ಧ್ವನಿ ಕಳಿಸಿ ಉತ್ತರ ಪಡೆಯುವ ಕ್ರಮ. ಇನ್ನೊಂದು, ಮಳೆಗಾಲದ ರಾತ್ರಿ ಹಳೆಯ ಮನೆಯ ತೊಲೆ ಲಟ್ಟೆಂದಾಗ ಎದ್ದು ಕೂತು, ಅದು ಯಾವ ಅಂಕಣದ ತೊಲೆ, ಮತ್ತೆ ಸದ್ದಾಗುತ್ತದೆಯೇ ಎಂದು ಕಿವಿಗೊಡುವ ಕ್ರಮ. ಅಲ್ಲಿ ಧ್ವನಿ ಮಾಡುವುದು ತೊಲೆಯೇ. ಭೂಗರ್ಭದ ಬಂಡೆಗೆ ಮೊದಲ ಕ್ರಮವನ್ನು ಅನ್ವಯಿಸಿದರೆ ಶ್ರವಣಾತೀತ ತರಂಗಗಳ ಸಮೀಕ್ಷೆ, ಎರಡನೆಯದನ್ನು ಅನ್ವಯಿಸಿದರೆ ಸೂಕ್ಷ್ಮಕಂಪನಗಳ ನಿಗಾ.

ಬಡಿದು ನೋಡುವ ಕ್ರಮದಲ್ಲಿ ಅಳೆಯುವುದು ಮುಖ್ಯವಾಗಿ ವೇಗವನ್ನು. ಮಲೆನಾಡಿನ ಬುಡದಲ್ಲಿರುವ ಸುಮಾರು 300 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯದಾದ ನೈಸ್ ಶಿಲೆಯಂಥ ಗಟ್ಟಿ ಬಂಡೆಯಲ್ಲಿ, ಹಿಂದೆಮುಂದೆ ತಳ್ಳುವ ಪಿ ತರಂಗವು ಸೆಕೆಂಡಿಗೆ 5000ದಿಂದ 6000 ಮೀಟರ್ ವೇಗದಲ್ಲಿ ಸಾಗುತ್ತದೆ. ಅಡ್ಡಡ್ಡ ಅಲುಗಿಸುವ ಎಸ್ ತರಂಗ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಹಿಂಬಾಲಿಸುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸುಮಾರು 340 ಮೀಟರ್ ಮಾತ್ರ. ಬಂಡೆಯಲ್ಲಿ ಬಿರುಕುಗಳಿದ್ದರೆ ಬಂಡೆ ಮೆತ್ತಗಾಗುತ್ತದೆ, ತರಂಗ ತಡವಾಗಿ ತಲುಪುತ್ತದೆ, ತಲುಪಿದಾಗಲೂ ಬಡವಾಗಿರುತ್ತದೆ. ಮೇಲ್ಮೈಯ ಜಂಬಿಟ್ಟಿಗೆ ಮತ್ತು ಶಿಥಿಲ ಶಿಲೆಯಲ್ಲಂತೂ ವೇಗ ಬಹಳ ಕಡಿಮೆ. ಅಗೆಯುವ ಮುನ್ನ ಗಟ್ಟಿ ಬಂಡೆ ಎಷ್ಟು ಕೆಳಗಿದೆ ಎಂದು ತಿಳಿಯಲು ಸುತ್ತಿಗೆ ಬಡಿದು ಮಾಡುವ ಸಾಮಾನ್ಯ ಭೂಕಂಪನ ಸಮೀಕ್ಷೆ ಈ ವ್ಯತ್ಯಾಸವನ್ನೇ ಆಧರಿಸಿದೆ.

ಅಳತೆ ಎಷ್ಟು ನಾಜೂಕಿನದು ಎಂಬುದಕ್ಕೆ ಒಂದು ಲೆಕ್ಕ. ಒಂದು ಮೀಟರ್ ಅಂತರದ ಎರಡು ರಂಧ್ರಗಳ ನಡುವೆ, ಸೆಕೆಂಡಿಗೆ 5500 ಮೀಟರ್ ವೇಗದ ತರಂಗಕ್ಕೆ ತಗಲುವ ಕಾಲ ಸುಮಾರು 182 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ 182 ಪಾಲು. ಬಂಡೆ ಸ್ವಲ್ಪ ಕೆಟ್ಟು ವೇಗ 5400ಕ್ಕೆ ಇಳಿದರೆ ಅದು ಸುಮಾರು 185 ಆಗುತ್ತದೆ. ಈ ಮೂರು ಚಿಲ್ಲರೆ ಮೈಕ್ರೊಸೆಕೆಂಡಿನ ವ್ಯತ್ಯಾಸವನ್ನು ನಂಬಬೇಕಾದರೆ ಧ್ವನಿ ಕಳಿಸುವ ಮತ್ತು ಪಡೆಯುವ ಸಾಧನಗಳೆರಡೂ ತಮ್ಮ ಜಾಗದಿಂದ ಕದಲಬಾರದು. ಆದ್ದರಿಂದಲೇ ಅವುಗಳನ್ನು ಕೊರೆದ ರಂಧ್ರದೊಳಗಿಟ್ಟು ಸಿಮೆಂಟ್ ಗಾರೆಯಿಂದ ಖಾಯಂ ಕೂರಿಸುತ್ತಾರೆ. ಒಂದೇ ದಾರಿಯಲ್ಲಿ ಒಂದೇ ಬಗೆಯ ತರಂಗವನ್ನು ದಿನದಿನವೂ ಕಳಿಸಿ, ಇವತ್ತಿನ ಅಲೆಯ ಚಿತ್ರವನ್ನು ಮೊದಲ ದಿನದ ಚಿತ್ರದ ಮೇಲೆ ಹೊಂದಿಸಿ ಸರಿದಿರುವುದೆಷ್ಟು ಎಂದು ನೋಡುತ್ತಾರೆ. ಹೀಗೆ ಮಾಡಿದಾಗ ಸೆಕೆಂಡಿಗೆ ಕೆಲವೇ ಮೀಟರಿನ ವೇಗಬದಲಾವಣೆಯೂ ಸಿಕ್ಕಿಬೀಳುತ್ತದೆ. 5400 ಎಂಬ ಸಂಖ್ಯೆಯನ್ನು ಒಂಟಿಯಾಗಿ ನೋಡಿದರೆ ಬಂಡೆ ಚೆನ್ನಾಗಿದೆ ಎಂದೇ ಹೇಳಬೇಕು. ನಿನ್ನೆ ಅದು 5500 ಇತ್ತು ಎಂಬುದು ಗೊತ್ತಿದ್ದರೆ ಮಾತ್ರ ಅದಕ್ಕೆ ಅರ್ಥ. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಇದನ್ನೇ: ಮೊದಲ ಅಳತೆ ಅಗೆತಕ್ಕೆ ಮೊದಲೇ ಆಗಿರಬೇಕು. ಗೋಡೆ ಬಿರಿದ ಮೇಲೆ ಯಂತ್ರ ತಂದು ಜೋಡಿಸಿದರೆ, ಜ್ವರ ಬಂದ ಮೇಲೆ ಅಳೆದ ಕಾವನ್ನೇ ಸಹಜ ಎಂದು ಬರೆದಿಟ್ಟುಕೊಂಡ ಹಾಗಾಗುತ್ತದೆ.

ವೇಗ ಇಳಿದ ಮಾತ್ರಕ್ಕೆ ಬಂಡೆ ಒಡೆದಿದೆ ಎನ್ನುವಂತೆಯೂ ಇಲ್ಲ. ಬಂಡೆಯಲ್ಲಿ ಮೊದಲೇ ಇದ್ದ ಸಣ್ಣ ಬಿರುಕುಗಳು ಒತ್ತಡದಲ್ಲಿ ಮುಚ್ಚಿಕೊಂಡಿರುತ್ತವೆ. ಅಗೆತದಿಂದ ಆ ಜಾಗದ ಒತ್ತಡ ಸಡಿಲವಾದರೆ ಅವು ಬಾಯ್ದೆರೆದು ವೇಗ ತಗ್ಗುತ್ತದೆ, ಹೊಸ ಹಾನಿ ಆಗಿರುವುದಿಲ್ಲ. ಇನ್ನೊಂದು ಕಡೆ ಒತ್ತಡ ಏರಿದರೆ ವೇಗವೂ ಏರುತ್ತದೆ. ಇವೆರಡನ್ನು ಬೇರ್ಪಡಿಸಲು ದಿಕ್ಕು ನೆರವಾಗುತ್ತದೆ. ಸುರಂಗದ ಅಂಚಿನಲ್ಲಿ ಹುಟ್ಟುವ ಹೊಸ ಬಿರುಕುಗಳು ಹೆಚ್ಚಾಗಿ ಗೋಡೆಗೆ ಸಮಾನಾಂತರವಾಗಿ, ಜೋಡಿಸಿಟ್ಟ ಹಲಗೆಗಳ ಅಟ್ಟಿಯಂತೆ ಇರುತ್ತವೆ. ಹಲಗೆಯ ಉದ್ದಕ್ಕೆ ಹೋಗುವ ಧ್ವನಿಗೆ ತಡೆಯೇ ಇಲ್ಲ, ಅಟ್ಟಿಯನ್ನು ಅಡ್ಡಹಾಯುವ ಧ್ವನಿ ಪ್ರತಿ ಸಂದಿನಲ್ಲೂ ಎಡವುತ್ತದೆ. ಗೋಡೆಯ ಗುಂಟ ಸಾಗಿದ ತರಂಗದ ವೇಗ ಹಾಗೆಯೇ ಇದ್ದು, ಗೋಡೆಯಿಂದ ಒಳಮುಖವಾಗಿ ಸಾಗಿದ ತರಂಗದ ವೇಗ ಬಿದ್ದಿದ್ದರೆ ಅನುಮಾನ ಬಲವಾಗುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ನೀರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಘಟ್ಟದ ಬಂಡೆಯ ಸಂದುಗಳಲ್ಲಿ ಆಷಾಢದಲ್ಲಿ ಇಳಿದ ನೀರು ಬೇಸಿಗೆಯ ತನಕವೂ ಒಸರುತ್ತಿರುತ್ತದೆ. ಒಣಗಿದ ಬಿರುಕಿಗೆ ನೀರು ತುಂಬಿದಾಗ ಪಿ ತರಂಗಕ್ಕೆ ಸೇತುವೆ ಕಟ್ಟಿದಂತಾಗಿ ಅದರ ವೇಗ ಮತ್ತೆ ಏರುತ್ತದೆ. ನೋಡುವವರಿಗೆ ಬಂಡೆ ವಾಸಿಯಾದಂತೆ ತೋರುತ್ತದೆ. ಆದರೆ ನೀರನ್ನು ಅಡ್ಡಡ್ಡ ಅಲುಗಿಸಿದರೆ ಅದು ಪ್ರತಿರೋಧಿಸುವುದಿಲ್ಲವಾದ್ದರಿಂದ ಎಸ್ ತರಂಗಕ್ಕೆ ಆ ಸೇತುವೆ ಸಿಗುವುದಿಲ್ಲ. ಮಳೆಗಾಲದಲ್ಲಿ ಪಿ ತರಂಗದ ವೇಗವೊಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಮೋಸಹೋಗುವ ದಾರಿ. ಎರಡನ್ನೂ, ಅವುಗಳ ಅನುಪಾತವನ್ನೂ ನೋಡಬೇಕು.

ಯಾವ ಆವರ್ತನದ ಧ್ವನಿ ಬಳಸಬೇಕು ಎಂಬುದರಲ್ಲಿ ರಾಜಿ ಅನಿವಾರ್ಯ. ಸೆಕೆಂಡಿಗೆ 50,000 ಬಾರಿ ಕಂಪಿಸುವ ತರಂಗದ ಉದ್ದ ಈ ಬಂಡೆಯಲ್ಲಿ ಸುಮಾರು 11 ಸೆಂಟಿಮೀಟರ್. ಅದು ಅಂಗೈಯಗಲದ ಹಾನಿಯನ್ನೂ ಗುರುತಿಸಬಲ್ಲದು, ಆದರೆ ಕೆಲವು ಮೀಟರ್ ಹೋಗುವಷ್ಟರಲ್ಲಿ ಕರಗಿಹೋಗುತ್ತದೆ. ಸುತ್ತಿಗೆಯ ಪೆಟ್ಟಿನಿಂದ ಹುಟ್ಟುವ, ಸೆಕೆಂಡಿಗೆ 250 ಬಾರಿ ಕಂಪಿಸುವ ತರಂಗದ ಉದ್ದ 22 ಮೀಟರ್. ಅದು ದೂರ ಹೋಗುತ್ತದೆ, ಸಣ್ಣದನ್ನು ಕಾಣುವುದಿಲ್ಲ. ಗುಡ್ಡದಾಚೆಯ ಜಾತ್ರೆಯಲ್ಲಿ ಡೊಳ್ಳಿನ ಗುಡುಗು ನಮಗೆ ಕೇಳಿ ತಾಳದ ಸದ್ದು ಕೇಳದಿರುವುದು ಇದೇ ಕಾರಣದಿಂದ.

ಹಾನಿವಲಯದ ಆಳವೆಷ್ಟು ಎಂಬುದಕ್ಕೆ ಸ್ವೀಡನ್‌ನ ಎಸ್ಪೊ ಪ್ರಯೋಗಾಲಯದಲ್ಲಿ 1990ರ ದಶಕದ ನಡುವೆ ಸುಮಾರು 420 ಮೀಟರ್ ಆಳದಲ್ಲಿಯೇ ನಡೆದ ಹೋಲಿಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದೇ ಬಂಡೆಯಲ್ಲಿ ಅಕ್ಕಪಕ್ಕ ಎರಡು ಸುರಂಗ: ಒಂದನ್ನು ಸಿಡಿಮದ್ದಿನಿಂದ, ಇನ್ನೊಂದನ್ನು ಕೊರೆಯುವ ಯಂತ್ರದಿಂದ ಮಾಡಿದರು. ಸಿಡಿಸಿದ ಸುರಂಗದಲ್ಲಿ ಹಾನಿ ಗೋಡೆಗಳಲ್ಲಿ ಸುಮಾರು 30 ಸೆಂಟಿಮೀಟರ್, ನೆಲದಲ್ಲಿ ಸುಮಾರು 80 ಸೆಂಟಿಮೀಟರ್ ಆಳಕ್ಕೆ ಇಳಿದಿತ್ತು. ಯಂತ್ರ ಕೊರೆದದ್ದರಲ್ಲಿ ಕೇವಲ ಮೂರು ಸೆಂಟಿಮೀಟರ್. ನೆಲದಲ್ಲಿ ಹೆಚ್ಚಾಗಲು ಕಾರಣ, ಕೆಳಸಾಲಿನ ರಂಧ್ರಗಳಿಗೆ ತುಂಬುವ ಮದ್ದು ಹೆಚ್ಚು. ಕಾಮಗಾರಿಯಲ್ಲಿ ಎಲ್ಲರ ಕಣ್ಣೂ ಚಾವಣಿಯ ಮೇಲಿರುತ್ತದೆ, ಅದು ತಪ್ಪಲ್ಲ. ಆದರೆ ನೀರು ಸೋರುವ ದಾರಿ ಕಾಲ ಕೆಳಗೆ ಹುಟ್ಟಿರುತ್ತದೆ.

ಇನ್ನು ಕಿವಿಗೊಡುವ ಕ್ರಮ. ಇದು ಹುಟ್ಟಿದ್ದೇ ಮೊದಲನೆಯದು ಕೆಟ್ಟಿದ್ದರಿಂದ. ಅಮೆರಿಕದ ಗಣಿ ಇಲಾಖೆಯ ಲಿಯೊನಾರ್ಡ್ ಒಬರ್ಟ್ 1938ರ ಸುಮಾರಿಗೆ ಗಣಿಯೊಳಗಿನ ಕಂಬಗಳಲ್ಲಿ ಧ್ವನಿಯ ವೇಗ ಅಳೆಯಲು ಹೋದಾಗ, ಅವರು ಧ್ವನಿ ಕಳಿಸದಿದ್ದಾಗಲೂ ಯಂತ್ರ ಏನನ್ನೋ ದಾಖಲಿಸುತ್ತಿತ್ತು. ಯಂತ್ರದ ದೋಷವೆಂದು ಹುಡುಕಿದ ಮೇಲೆ ತಿಳಿದದ್ದು, ಸದ್ದು ಮಾಡುತ್ತಿದ್ದುದು ಒತ್ತಡದಲ್ಲಿದ್ದ ಬಂಡೆಯೇ ಎಂದು. ಬಿರುಕೊಂದು ಹುಟ್ಟಿದಾಗ ಅಲ್ಲಿ ಕೂಡಿದ್ದ ಶಕ್ತಿಯ ಒಂದು ಪಾಲು ತರಂಗವಾಗಿ ಹೊರಡುತ್ತದೆ. ಸುತ್ತಲಿನ ರಂಧ್ರಗಳಲ್ಲಿ ಕೂರಿಸಿದ, ನೆಲದ ಕಂಪನವನ್ನು ಗ್ರಹಿಸುವ ಜಿಯೋಫೋನ್‌ಗಳು ಅಥವಾ ಅದಕ್ಕಿಂತ ಸೂಕ್ಷ್ಮವಾದ ಪೀಜೋ ಸಾಧನಗಳು ಅದನ್ನು ಹಿಡಿಯುತ್ತವೆ.

ಸದ್ದಿನ ಜಾಗವನ್ನು ಗುರುತಿಸುವ ಉಪಾಯ ನಮಗೆ ಪರಿಚಿತವಾದದ್ದೇ. ಮಿಂಚು ಕಂಡು ಗುಡುಗು ಕೇಳುವ ನಡುವಿನ ಕಾಲ ಎಣಿಸಿ ಸಿಡಿಲು ಎಷ್ಟು ದೂರ ಎಂದು ಅಂದಾಜಿಸುತ್ತೇವಲ್ಲ, ಇಲ್ಲಿ ಮಿಂಚಿನ ಜಾಗದಲ್ಲಿ ಪಿ ತರಂಗ, ಗುಡುಗಿನ ಜಾಗದಲ್ಲಿ ಎಸ್ ತರಂಗ. ಪಿ ವೇಗ 5500, ಎಸ್ ವೇಗ 3200 ಮೀಟರ್ ಇದ್ದರೆ, ಎರಡರ ನಡುವಿನ ಒಂದು ಮಿಲಿಸೆಕೆಂಡ್ ಅಂತರಕ್ಕೆ ಸುಮಾರು ಏಳೂವರೆ ಮೀಟರ್ ದೂರ. ಬೇರೆಬೇರೆ ಕಡೆ ಇರುವ ಕನಿಷ್ಠ ನಾಲ್ಕು ಸಾಧನಗಳು ದಾಖಲಿಸಿದರೆ ಬಿರುಕು ಹುಟ್ಟಿದ ಜಾಗವೂ ಕಾಲವೂ ಸಿಗುತ್ತವೆ. ಸಾಧನಗಳನ್ನೆಲ್ಲ ಒಂದೇ ಗೋಡೆಯಲ್ಲಿ ಸಾಲಾಗಿ ಇಟ್ಟರೆ ಮಾತ್ರ ಲೆಕ್ಕ ಜೋಲಿ ಹೊಡೆಯುತ್ತದೆ. ಅವು ಬಿರುಕನ್ನು ಸುತ್ತುವರಿದಿರಬೇಕು. ಮೊದಲ ಅಲೆ ಯಾವ ಯಾವ ದಿಕ್ಕಿನಲ್ಲಿ ತಳ್ಳಿತು, ಎಲ್ಲಿ ಎಳೆಯಿತು ಎಂಬುದರಿಂದ ಬಿರುಕು ಬಾಯ್ದೆರೆದದ್ದೋ, ಎರಡು ಮುಖಗಳು ಜಾರಿದ್ದೋ ಎಂಬುದನ್ನೂ ಹೇಳಬಹುದು.

ಈ ಸದ್ದುಗಳ ತೀವ್ರತೆಯನ್ನು ಋಣಾತ್ಮಕ ಸಂಖ್ಯೆಗಳಲ್ಲಿ ಹೇಳುವುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಭೂಕಂಪದ ಅಳತೆಗೋಲಿನಲ್ಲಿ ಸೊನ್ನೆಯೆಂದರೆ ಏನೂ ಇಲ್ಲವೆಂದಲ್ಲ. 1935ರಲ್ಲಿ ಅಳತೆಗೋಲು ರೂಪಿಸಿದಾಗ ಅಳೆಯಬಹುದೆಂದು ಎಣಿಸಿದ ಅತಿ ಚಿಕ್ಕ ಕಂಪನಕ್ಕೆ ಇಟ್ಟ ಗುರುತು ಅಷ್ಟೆ. ಪ್ರತಿ ಮೆಟ್ಟಿಲಿಗೆ ಶಕ್ತಿ ಸುಮಾರು 32 ಪಟ್ಟು ಬದಲಾಗುತ್ತದೆ. ಸುರಂಗದ ಗೋಡೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಸದ್ದುಗಳು ಸೊನ್ನೆಗಿಂತ ಎಷ್ಟೋ ಮೆಟ್ಟಿಲು ಕೆಳಗಿನವು. ಊರಿನವರಿಗೆ ಅನುಭವಕ್ಕೆ ಬರುವ ಭೂಕಂಪನಕ್ಕೂ ಇವಕ್ಕೂ ಇರುವ ಅಂತರ ಅಷ್ಟು.

ಕಿವಿಗೊಡುವ ಕಲೆಯನ್ನು ಕರ್ನಾಟಕ ಕಲಿತದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಬಹಳ ಬೆಲೆ ತೆತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ತಲುಪಿದ್ದ ಆ ಗಣಿಗಳಲ್ಲಿ ಬಂಡೆ ಸಿಡಿತ, ಗಣಿಯವರ ಬಾಯಲ್ಲಿ ರಾಕ್‌ಬರ್ಸ್ಟ್, ಬಹಳ ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. 1970ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಸಹಕಾರದೊಂದಿಗೆ ಅಲ್ಲಿ ಜಿಯೋಫೋನ್‌ಗಳ ಜಾಲ ಬಂತು; 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿಯೂ ಜಗತ್ತಿನ ಇತರ ಆಳದ ಗಣಿಗಳಲ್ಲಿಯೂ ಖಚಿತವಾದ ಸಂಗತಿಯೆಂದರೆ, ಸಿಡಿತದ ದಿನ ಗಂಟೆಯನ್ನು ಮುಂಚಿತವಾಗಿ ಹೇಳಲಾಗದು. ಯಾವ ಭಾಗ ಅಪಾಯಕ್ಕೆ ಜಾರುತ್ತಿದೆ ಎಂಬುದನ್ನು ಹೇಳಬಹುದು. ಸಿಡಿಮದ್ದು ಹಾರಿಸಿದ ಮೇಲೆ ಬಂಡೆಯ ಸದ್ದುಗಳು ಮೊದಲು ದಟ್ಟವಾಗಿದ್ದು ಕ್ರಮೇಣ ವಿರಳವಾಗುತ್ತವೆ, ಭೂಕಂಪದ ನಂತರದ ಮರುಕಂಪನಗಳಿಗೆ ಜಪಾನಿನ ಒಮೊರಿ 1894ರಲ್ಲಿ ಕಂಡುಕೊಂಡ ನಿಯಮದಂತೆಯೇ. ಅವು ಸಹಜ ಮಟ್ಟಕ್ಕೆ ಇಳಿಯುವ ತನಕ ಕೆಲಸಗಾರರನ್ನು ಒಳಗೆ ಬಿಡದಿರುವುದು ಈ ವಿಜ್ಞಾನದ ಅತ್ಯಂತ ಸರಳವಾದ, ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಬಳಕೆ.

ಮೌನವನ್ನು ಓದುವುದು ಸದ್ದನ್ನು ಓದುವುದಕ್ಕಿಂತ ಕಷ್ಟ. ನೈಸ್, ಗ್ರಾನೈಟಿನಂಥ ಪೆಡಸು ಬಂಡೆ ಒಡೆಯುವಾಗ ಸದ್ದು ಮಾಡುತ್ತದೆ. ಆದರೆ ಶಿವಮೊಗ್ಗದ ಪದರಶಿಲೆಯ ಪಟ್ಟಿಯಲ್ಲಿರುವಂಥ ಮೆದು ಶಿಲೆಯೋ, ಜೇಡಿ ತುಂಬಿದ ಸೀಳುವಲಯವೋ ಎದುರಾದರೆ ಅದು ಹೆಚ್ಚು ಸದ್ದಿಲ್ಲದೆ, ನೆನೆದ ಧರೆಯಂತೆ ಮೆಲ್ಲಗೆ ಸರಿಯುತ್ತದೆ. ಅಲ್ಲಿ ಗೋಡೆಗಳ ನಡುವಿನ ಅಂತರವನ್ನು ಅಳೆಯುವ ಹಳೆಯ ಪದ್ಧತಿಯೇ ಹೆಚ್ಚು ನಂಬಿಕೆಗೆ ಯೋಗ್ಯ. ಪೂರ್ತಿ ಒಡೆದ ಬಂಡೆ ಧ್ವನಿಯನ್ನು ದಾಟಿಸದೆ ನುಂಗುವುದರಿಂದ ಅದರಾಚೆಯ ಸದ್ದು ಕೇಳುವುದಿಲ್ಲ. ಸಾಧನ ಕೆಟ್ಟಿದ್ದರೂ ಮೌನವೇ! ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು ಮನೆಮನೆಯ ಯಂತ್ರಗಳನ್ನು ಸುಡುವುದು ಗೊತ್ತಿರುವ ಸಂಗತಿ. ನೆಲದ ಮೇಲಿನಿಂದ ಒಳಗಿನ ಸಾಧನಕ್ಕೆ ಎಳೆದ ತಂತಿಗೂ ಆ ಭಯ ಇದ್ದದ್ದೇ. ಆದ್ದರಿಂದ ಆಗಾಗ ಗೊತ್ತಿರುವ ಜಾಗದಲ್ಲಿ ಬಡಿದು, ಎಲ್ಲ ಕಿವಿಗಳೂ ಕೇಳಿಸಿಕೊಂಡವೇ ಎಂದು ನೋಡಬೇಕು. ಕೊರೆಯುವ ಯಂತ್ರ, ಪಂಪು, ಲಾರಿ, 50 ಹರ್ಟ್ಸಿನ ವಿದ್ಯುತ್ತಿನ ಗುಂಯ್‌ಗುಡುವಿಕೆ ಇವುಗಳ ನಡುವೆ ಬಂಡೆಯ ಸದ್ದನ್ನು ಅಲೆಯ ಆಕಾರದಿಂದ ಆರಿಸಿ ತೆಗೆಯುವುದು ಮತ್ತೊಂದು ದಿನನಿತ್ಯದ ಕೆಲಸ.

ಈ ಎಲ್ಲ ಕಾರಣಕ್ಕೆ ಎರಡು ಕ್ರಮಗಳನ್ನೂ ಒಂದೇ ಬಂಡೆಯ ಮೇಲೆ, ಸಾಧ್ಯವಾದರೆ ಒಂದೇ ಸಾಧನಗಳ ಗುಂಪಿನಿಂದ ನಡೆಸುತ್ತಾರೆ. ಸದ್ದು ಎಲ್ಲಿ ಒತ್ತೊತ್ತಾಗಿ ಹುಟ್ಟುತ್ತಿದೆಯೋ ಅಲ್ಲಿಯೇ ವೇಗವೂ ಇಳಿಯುತ್ತಿದ್ದರೆ ಹಾನಿ ಖಚಿತ. ವೇಗ ಇಳಿದೂ ಸದ್ದಿಲ್ಲದಿದ್ದರೆ ಅದು ಒತ್ತಡದ ಸಡಿಲಿಕೆಯಿರಬಹುದು. ಸದ್ದಿದ್ದೂ ವೇಗ ಇಳಿಯದಿದ್ದರೆ ಬಿರುಕುಗಳು ಇನ್ನೂ ಚದುರಿವೆ, ಅಥವಾ ನಾವು ಬಡಿಯುತ್ತಿರುವ ದಿಕ್ಕು ತಪ್ಪು.

ಪಂಪ್ಡ್ ಸ್ಟೋರೇಜ್‌ನ ಸುರಂಗಗಳಲ್ಲಿ ಈ ಕೆಲಸ ಅಗೆತದೊಂದಿಗೆ ಮುಗಿಯುವುದೂ ಇಲ್ಲ. ಅಲ್ಲಿ ನೀರು ಬೇಡಿಕೆ ಹೆಚ್ಚಿರುವಾಗ ಕೆಳಗಿಳಿಯುತ್ತದೆ, ವಿದ್ಯುತ್ತು ಮಿಕ್ಕಾಗ ಮೇಲೇರುತ್ತದೆ. ಸುರಂಗದ ಗೋಡೆಯ ಮೇಲಿನ ನೀರಿನ ಒತ್ತಡ ದಿನದಿನವೂ ಏರಿಳಿಯುತ್ತದೆ. ಜರ್ಮನಿಯ ಯೋಸೆಫ್ ಕೈಸರ್ 1950ರಲ್ಲಿ ಲೋಹಗಳಲ್ಲಿ ಕಂಡುಕೊಂಡ ಗುಣವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ: ವಸ್ತುವೊಂದು ಹಿಂದೆ ಹೊತ್ತಿದ್ದ ಗರಿಷ್ಠ ಹೊರೆಯನ್ನು ಮೀರುವ ತನಕ ಹೊಸ ಸದ್ದು ಮಾಡುವುದಿಲ್ಲ. ಬಂಡೆಯಲ್ಲಿ, ಅದರಲ್ಲೂ ನೆನೆದ ಬಂಡೆಯಲ್ಲಿ, ಈ ನೆನಪು ಕರಾರುವಾಕ್ಕಾಗಿರುವುದಿಲ್ಲ. ಆದರೂ ಒಳ್ಳೆಯ ಬಂಡೆಯು ಸುರಂಗಕ್ಕೆ ಮೊದಲ ಸಲ ನೀರು ತುಂಬಿಸುವಾಗ ಸದ್ದು ಮಾಡಿ, ಆಮೇಲಿನ ಏರಿಳಿತಗಳಲ್ಲಿ ಬಹುಪಾಲು ಸುಮ್ಮನಿರಬೇಕು. ಹಿಂದೆ ನಿರಾಳವಾಗಿ ಹೊತ್ತಿದ್ದ ಹೊರೆಗೇ, ಅದಕ್ಕಿಂತ ಕಡಿಮೆ ಹೊರೆಗೇ, ಮತ್ತೆ ಲಟಲಟ ಕೇಳತೊಡಗಿತೆಂದರೆ, ಸುರಂಗವನ್ನು ಖಾಲಿ ಮಾಡಿಸಿ ಒಳಗಿಳಿದು ನೋಡುವ ಕಾಲ ಬಂದಿದೆ ಎಂದರ್ಥ. ಖಾಲಿ ಮಾಡುವುದನ್ನೂ ಅವಸರದಲ್ಲಿ ಮಾಡುವಂತಿಲ್ಲ, ಏಕೆಂದರೆ ಒಳಗಿನ ನೀರು ಇಳಿದಾಗ ಬಂಡೆಯ ಸಂದುಗಳಲ್ಲಿ ನಿಂತ ನೀರು ಹೊರಗಿನಿಂದ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ಮತ್ತು ಆ ಹೊತ್ತಿನಲ್ಲಿಯೂ ಜಿಯೋಫೋನ್‌ಗಳ ಮುಂದೆ ಒಬ್ಬರು ಕೂತಿರಬೇಕಾಗುತ್ತದೆ.